ನಗುವಿಗೆ ನಲವತ್ತೈದು ಸೆಕೆಂಡು

ಮದುವೆಗೆ ಎಷ್ಟು ಫೋಟೋ ಬೇಕು ಎಂದು ಮಗ ಕೇಳಿದಾಗ ಅಮ್ಮ ಒಗೆದ ಬಟ್ಟೆ ಮಡಚುತ್ತಿದ್ದಳು. ತಲೆ ಎತ್ತದೆಯೇ, "ನಂಗೆ ಒಂದೇ ಒಂದು ಸಾಕು ಕಣೋ" ಅಂದಳು.

ಮಗನ ಜೀವಕ್ಕೆ ತಂಪೆರೆದ ಹಾಗಾಯಿತು. ಅವನ ಮುಂದೆ ಊಟದ ಮೇಜಿನ ಮೇಲೆ ಮದುವೆ ಖರ್ಚಿನ ಹಾಳೆ ಹರಡಿಕೊಂಡಿತ್ತು. ಸಭಾಭವನದ ಬಾಡಿಗೆ, ಊಟ, ಬಟ್ಟೆ, ಕುರ್ಚಿ, ಹೂವು, ಒಂದೊಂದು ಸಾಲೂ ಅವನು ಎಳೆದ ಗೆರೆಯನ್ನು ಬೇಲಿ ಹಾರುವ ದನದ ಹಾಗೆ ಹಾರಿ ಆಚೆ ಮೇಯುತ್ತಿತ್ತು. ತಿಂಗಳ ಸಂಬಳದವರ ಮದುವೆಯೇ ಹೀಗೆ. ಹುಡುಗಿಯ ಜೊತೆ ಸಂಸಾರ ಶುರುವಾಗುವ ಮುಂಚೆ ಆರು ತಿಂಗಳು ಹಾಳೆಯ ಜೊತೆ ಸಂಸಾರ. ಇನ್ನೂ ಖಾಲಿ ಇದ್ದದ್ದು ಫೋಟೋಗ್ರಾಫರ್ ಎಂಬ ಸಾಲೊಂದೇ. ಅಲ್ಲಿ ಇಪ್ಪತ್ತೆರಡು ಸಾವಿರಕ್ಕಿಂತ ಒಂದು ಕಾಸು ಹೆಚ್ಚು ಬರೆಯಲು ಹಾಳೆಯಲ್ಲಿ ಜಾಗವಿರಲಿಲ್ಲ, ಬ್ಯಾಂಕಿನಲ್ಲಂತೂ ಮೊದಲೇ ಇರಲಿಲ್ಲ. ಒಂದೇ ಫೋಟೋ ಅಂದಮೇಲೆ ಇಪ್ಪತ್ತೆರಡರಲ್ಲೂ ಮಿಗಿಸಬಹುದಲ್ಲ ಎಂದು ಅವನ ತಲೆ ಆಗಲೇ ಓಡತೊಡಗಿತು.

"ಆದ್ರೆ ಅದರಲ್ಲಿ ನಿಮ್ಮಪ್ಪ ನಗ್ತಿರ್ಬೇಕು," ಎಂದು ಅಮ್ಮ ಮಾತು ಮುಗಿಸಿ ಅಪ್ಪನ ಅಂಗಿಯ ತೋಳನ್ನು ಒಳಗೆ ಮಡಚಿದಳು.

ಓಡುತ್ತಿದ್ದ ತಲೆ ಅಲ್ಲೇ ಮುಗ್ಗರಿಸಿತು.

ಅಪ್ಪ ನಗದ ಮನುಷ್ಯನೇನಲ್ಲ. ಮನೆಯಲ್ಲಿ ಅವನು ನಕ್ಕರೆ ಮೂರು ಮನೆಯಾಚೆ ಕೇಳುತ್ತದೆ. ಕ್ಯಾಮೆರಾ ಕಂಡರೆ ಮಾತ್ರ ಯಾರೋ ಆ ಮುಖಕ್ಕೆ ಇಸ್ತ್ರಿ ಹಾಕಿದ ಹಾಗೆ ಒಂದು ಸುಕ್ಕೂ ಉಳಿಯುವುದಿಲ್ಲ. ಅಮ್ಮನ ಹತ್ತಿರ ಅದಕ್ಕೆ ಸಾಕ್ಷಿ ಒಂದು ತಗಡಿನ ಡಬ್ಬಿಯ ತುಂಬ ಇದೆ. ಅವರ ಮದುವೆಯ ಫೋಟೋದಲ್ಲಿ ಅಪ್ಪ ಬಾರದ ಬಸ್ಸಿಗೆ ಕಾದು ನಿಂತವನ ಹಾಗಿದ್ದಾನೆ. ಮಗ ಹುಟ್ಟಿದಾಗಿನದರಲ್ಲಿ ಕೂಸನ್ನು, ಪಕ್ಕದ ಮನೆಯವರ ಹೆಸರಿಗೆ ಬಂದ ಪಾರ್ಸೆಲ್ ಹಿಡಿದ ಹಾಗೆ ಹಿಡಿದಿದ್ದಾನೆ. ಕಡಲ ದಂಡೆಯಲ್ಲಿ ತೆಗೆಸಿದ್ದರಲ್ಲಿ ಹಿಂದೆ ಅಷ್ಟು ದೊಡ್ಡ ಸಮುದ್ರ, ಮುಂದೆ ಪೊಲೀಸ್ ಠಾಣೆಯ ಗೋಡೆಗೆ ಅಂಟಿಸಬಹುದಾದ ಮುಖ. ಮೂವತ್ತೊಂದು ವರ್ಷದಲ್ಲಿ ನಗುವಿನದು ಒಂದೂ ಇಲ್ಲ.

"ನಾಳೆ ಮೊಮ್ಮಕ್ಕಳು ಇದನ್ನ ನೋಡಿ, ಪಾಪ ಅಜ್ಜಿಗೆ ಎಂಥ ಗಂಡ ಸಿಕ್ಕಿದ್ದ ಅಂತಾರೆ. ಹಾಗಲ್ಲ ಕಣ್ರೋ ಅಂತ ಎಷ್ಟು ಅಂತ ನಾನು ಬಾಯಲ್ಲಿ ಹೇಳ್ಲಿ?"

ಡಬ್ಬಿ ತಂದು ತೆರೆದು ಇದನ್ನು ಹೇಳುವಾಗ ಅಮ್ಮ ನಗುತ್ತಲೇ ಇದ್ದಳು. ಡಬ್ಬಿಯ ಮುಚ್ಚಳ ಒತ್ತುವಾಗ ನಗುತ್ತಿರಲಿಲ್ಲ. ಮಗ ಅದನ್ನು ಗಮನಿಸಿದ.

ಗಮನಿಸುವುದೇ ಅವನ ಹೊಟ್ಟೆಪಾಡು. ಸಿದ್ಧ ಉಡುಪಿನ ಫ್ಯಾಕ್ಟರಿಯಲ್ಲಿ ಹೊಲಿಗೆ ಯಂತ್ರಗಳ ಪಕ್ಕ ಸ್ಟಾಪ್‌ವಾಚ್ ಹಿಡಿದು ನಿಂತು, ಒಂದು ತೋಳು ಕೂಡಿಸಲು ಎಷ್ಟು ಸೆಕೆಂಡು, ಒಂದು ಜೇಬಿಗೆ ಎಷ್ಟು ಸೆಕೆಂಡು ಎಂದು ಬರೆದುಕೊಳ್ಳುವುದು ಅವನ ಕೆಲಸ. ಅವನು ಬರೆದದ್ದರ ಮೇಲೆ ದಿನಕ್ಕೆ ಯಾರು ಎಷ್ಟು ಹೊಲಿಯಬೇಕು ಎಂಬುದು ನಿಲ್ಲುತ್ತದೆ. ಹೊಲಿಯುವ ಹೆಂಗಸರು ಅವನಿಗೆ ಸೆಕೆಂಡಪ್ಪ ಎಂದು ಹೆಸರಿಟ್ಟಿದ್ದರು. ಅವನು ಸಾಲಿನ ತುದಿಯಲ್ಲಿ ಕಂಡರೆ ಸಾಕು, "ಸೆಕೆಂಡಪ್ಪ ಬಂದ್ರು ಕಣ್ರೇ" ಎಂಬ ಪಿಸುಮಾತು ಯಂತ್ರದಿಂದ ಯಂತ್ರಕ್ಕೆ ದಾಟಿ, ನಗುತ್ತಿದ್ದ ಬಾಯಿಗಳೆಲ್ಲ ಮುಚ್ಚಿಕೊಂಡು, ಕೈಗಳು ಒಂದೇ ನಿಧಾನಕ್ಕೆ ಇಳಿಯುತ್ತಿದ್ದವು. ತನ್ನನ್ನು ಕಂಡರೆ ಜನಕ್ಕೆ ಎಷ್ಟು ಗೌರವ ಎಂದು ಮೊದಲ ವರ್ಷ ಅವನು ಹಿಗ್ಗಿದ್ದ. ಎರಡನೇ ವರ್ಷ ವಿಷಯ ಗೊತ್ತಾಯಿತು: ನಿಧಾನ ಹೊಲಿದರೆ ಅವನು ಹೆಚ್ಚು ಸೆಕೆಂಡು ಬರೆಯುತ್ತಾನೆ, ದಿನದ ಲೆಕ್ಕ ಹಗುರಾಗುತ್ತದೆ. ಆದರೂ ಮೊದಲ ವರ್ಷದ ತಿಳುವಳಿಕೆಯೇ ಹಿತವಾಗಿದ್ದರಿಂದ ಅದನ್ನೇ ಇಟ್ಟುಕೊಂಡ.

ಓವರ್‌ಟೈಮ್ ಚೀಟಿಗೂ ಅವನದೇ ಸಹಿ ಬೀಳಬೇಕು. ಎರಡು ಗಂಟೆ ಎಂದು ಬರೆದು ತಂದರೆ ಒಂದು ಮಾಡುತ್ತಿದ್ದ, ಒಂದು ತಂದರೆ ಅರ್ಧ. ಅರ್ಧ ತಂದವರನ್ನು, ಇಷ್ಟಕ್ಕೆಲ್ಲ ಚೀಟಿ ಯಾಕೆ ಎಂದು ಕೇಳುತ್ತಿದ್ದ.

ಅಪ್ಪನದೂ ಅದೇ ರಸ್ತೆ. ನಾಲ್ಕು ಗೇಟು ಆಚೆಗಿನ ಫ್ಯಾಕ್ಟರಿಯಲ್ಲಿ ಇಪ್ಪತ್ತೆಂಟು ವರ್ಷ ಅಂಗಿಗೆ ಕಾಲರ್ ಕೂಡಿಸಿ ನಿವೃತ್ತನಾದವನು. ಈಗಲೂ ಎದುರಿಗೆ ಯಾರು ಬಂದರೂ ಅವನ ಕಣ್ಣು ಮೊದಲು ಅವರ ಕತ್ತಿಗೆ ಹೋಗಿ, ಕಾಲರಿನ ಎರಡು ತುದಿ ಸಮ ಇವೆಯೇ ಎಂದು ನೋಡಿ, ಆಮೇಲೆ ಮುಖಕ್ಕೆ ಬರುತ್ತದೆ. ಮಗನಿಗೆ ಸ್ಟಾಪ್‌ವಾಚಿನ ಕೆಲಸ ಸಿಕ್ಕಿದ ದಿನ ಅವನು ಕೇಳಿದ್ದು ಒಂದೇ ಮಾತು: ಅದನ್ನು ಕೂತು ಮಾಡುತ್ತಾರೋ, ನಿಂತೋ? ನಿಂತುಕೊಂಡು ಎಂದ ಮಗ. "ಅಷ್ಟಾದ್ರೂ ಸಮಾಧಾನ," ಅಂದಿದ್ದ ಅಪ್ಪ.

ಫೋಟೋಗ್ರಾಫರ್ ಅಂಗಡಿ ಬೀಗ ರಿಪೇರಿಯವನ ಮಳಿಗೆಯ ಮೇಲಿತ್ತು. ನಲವತ್ತು ದಾಟಿದ ಹೆಂಗಸು, ಕತ್ತರಿಸಿದ ಕೂದಲು, ಕಾಲಲ್ಲಿ ಓಡುವವರ ಶೂ. ಗೋಡೆಯ ತುಂಬ ಮದುವೆಗಳು. ಸೆಕೆಂಡಪ್ಪ ಅವನ್ನೆಲ್ಲ ನೋಡಿದ; ಒಂದೊಂದರಲ್ಲೂ ಯಾರೋ ಒಬ್ಬರು ತಮ್ಮ ಪಾಡಿಗೆ ನಗುತ್ತಿದ್ದರು. ಇವಳೇ ಸರಿ ಅನ್ನಿಸಿತು. ಆಮೇಲೆ ದರ ಕೇಳಿದ. ಒಂಬತ್ತು ಗಂಟೆ, ಅರವತ್ತು ಸಾವಿರ. ಅವನು ಗೋಡೆಯನ್ನು ಇನ್ನೊಮ್ಮೆ ನೋಡಿದ, ಈ ಸಲ ಅಷ್ಟೇನೂ ಹಿಡಿಸಲಿಲ್ಲ. ಒಂಬತ್ತು ಗಂಟೆ ಏನು ಮಾಡ್ತೀರಿ ಎಂದು ವಿಚಾರಿಸಿದ್ದಕ್ಕೆ, ಹೆಚ್ಚಿನ ಹೊತ್ತು ಕಾಯುತ್ತೇನೆ ಎಂದು ಅವಳು ನಾಚಿಕೆಯಿಲ್ಲದೆ ಒಪ್ಪಿಕೊಂಡಳು.

ಕಾಯುವುದಕ್ಕೆ ಕೂಲಿ ಕೊಡುವ ವಂಶದಲ್ಲಿ ಅವನು ಹುಟ್ಟಿರಲಿಲ್ಲ.

ಎರಡು ವಾರ ಕಳೆದು ಫ್ಯಾಕ್ಟರಿಯ ಉಗ್ರಾಣದ ಗುಮಾಸ್ತನ ಮದುವೆಗೆ ಹೋದರೆ, ಅಲ್ಲಿ ಕ್ಯಾಮೆರಾ ಹಿಡಿದು ಓಡಾಡುತ್ತಿದ್ದವಳು ಅವಳೇ. ಸೆಕೆಂಡಪ್ಪನಿಗೆ ಊಟ ಸೇರಲಿಲ್ಲ. ಕಂಬದ ಹಿಂದಿನ ಕುರ್ಚಿ ಹಿಡಿದು, ಪ್ಯಾಂಟಿನ ಜೇಬಿನೊಳಗೆ ಸ್ಟಾಪ್‌ವಾಚ್ ಒತ್ತುತ್ತ, ಕರವಸ್ತ್ರದ ಮರೆಯಲ್ಲಿ ಬರೆದುಕೊಳ್ಳುತ್ತ ಇಡೀ ದಿನ ಅವಳ ಕೆಲಸವನ್ನು ಅಳೆದ. ಮದುಮಗನ ಕೈ ಕುಲುಕಲು ಮರೆತೇ ಮನೆಗೆ ಬಂದ. ಮರುದಿನ ಸಂಜೆ ಚೊಕ್ಕವಾಗಿ ಗೆರೆ ಹೊಡೆದ ಹಾಳೆಯೊಂದನ್ನು ತೆಗೆದುಕೊಂಡು ಬೀಗದವನ ಮೆಟ್ಟಿಲು ಹತ್ತಿದ.

ಕ್ಯಾಮೆರಾ ಕಣ್ಣಿಗಿಟ್ಟದ್ದು: ನಲವತ್ತೊಂದು ನಿಮಿಷ. ನಡೆದಾಡಿದ್ದು: ಒಂದು ಗಂಟೆ ಹತ್ತು ನಿಮಿಷ. ನೀರು, ಊಟ: ಇಪ್ಪತ್ತು ನಿಮಿಷ. ಯಾವುದೋ ಮಗುವಿನ ಶೂ ಲೇಸು ಕಟ್ಟಿದ್ದು: ಎರಡು ನಿಮಿಷ. ಮಿಕ್ಕದ್ದೆಲ್ಲ ಸುಮ್ಮನೆ ನಿಂತದ್ದು. ಆದ್ದರಿಂದ ನ್ಯಾಯವಾಗಿ ನೋಡಿದರೆ ತನ್ನ ಮದುವೆಗೆ ಅವಳು ಮೂರು ಗಂಟೆ ಇದ್ದರೆ ಸಾಕು ಎಂದು ಅವನು ಬಲು ವಿನಯದಿಂದ ವಿವರಿಸಿದ.

ಅವಳು ಕನ್ನಡಕ ಏರಿಸಿ ಹಾಳೆಯನ್ನು ಕಡೆಯ ಸಾಲಿನವರೆಗೂ ಓದಿದಳು.

"ಕಂಬದ ಹಿಂದೆ ಕೂತು, ಜೇಬಲ್ಲಿ ಕೈ ಇಟ್ಕೊಂಡು ದಿನಾ ಪೂರ್ತಿ ನನ್ನೇ ನೋಡ್ತಿದ್ದೋರು ನೀವೇನಾ? ಜೇಬುಗಳ್ಳ ಇರ್ಬೇಕು ಅಂತ ಹುಡುಗಿ ಕಡೆಯೋರಿಗೆ ಹೇಳಿಟ್ಟಿದ್ದೆ."

ಸೆಕೆಂಡಪ್ಪನಿಗೆ, ಅವತ್ತು ದಪ್ಪ ಮೀಸೆಯವರೊಬ್ಬರು ಯಾಕೆ ಕುರ್ಚಿ ಎಳೆದುಕೊಂಡು ತನ್ನ ಪಕ್ಕಕ್ಕೇ ಬಂದು ಕೂತಿದ್ದರು ಎಂಬುದು ಈಗ ತಿಳಿಯಿತು. ಒಳ್ಳೆಯ ಮನುಷ್ಯ, ನಾಲ್ಕು ಸಲ ಹೊತ್ತೆಷ್ಟು ಎಂದು ಕೇಳಿದ್ದರು.

"ಎಲ್ಲಾ ಬರ್ಕೊಂಡಿದೀರ," ಎಂದು ಅವಳು ಹಾಳೆ ಹಿಂದಕ್ಕೆ ತಳ್ಳಿದಳು. "ಲೇಸ್ ಯಾಕೆ ಕಟ್ಟಿದೆ ಅನ್ನೋದೊಂದು ಬಿಟ್ಟು. ಆ ಮಗು ನನ್ನ ಕಂಡ್ರೆ ಅಳ್ತಿತ್ತು. ಲೇಸ್ ಕಟ್ಟಿದ್ಮೇಲೆ ನನ್ನ ಮುಂದೇನೇ ಕುಣೀತು. ಆ ಆಲ್ಬಮ್ಮಲ್ಲಿ ಎಲ್ಲರೂ ತಿರುತಿರುಗಿ ನೋಡೋದು ಅದೊಂದು ಫೋಟೋನೇ."

ಆದರೆ ಮೂರು ಗಂಟೆಗೆ ಒಪ್ಪಿಕೊಂಡಳು. ಇಪ್ಪತ್ತೆರಡು ಸಾವಿರ. ಹೆಚ್ಚು ಹೊತ್ತು ಬೇಕಾದರೆ ಗಂಟೆಗೆ ಎರಡು ಪಟ್ಟು, ಅದೂ ಬಾಯಿಮಾತಿನಲ್ಲಲ್ಲ, ಚೀಟಿಯ ಮೇಲೆ ಗಂಟೆ ಬರೆದು ಸಹಿ ಹಾಕಿದ ಮೇಲೆಯೇ ಕ್ಯಾಮೆರಾ ಕಣ್ಣಿಗೇರುತ್ತದೆ. ಮದುವೆ ಮನೆಯವರು ಅವತ್ತು ಇನ್ನೊಂದು ಗಂಟೆ ಇರಿ ಅಂತಾರೆ, ಮಾರನೇ ದಿನ ಯಾರು ಹೇಳಿದ್ದು ಅಂತಾರೆ, ಅದಕ್ಕೇ ಚೀಟಿ ಎಂದಳು. ತನ್ನ ಫ್ಯಾಕ್ಟರಿಯ ನಿಯಮವೇ ಇನ್ನೊಬ್ಬರ ಬಾಯಲ್ಲಿ ಕೇಳಿ ಸೆಕೆಂಡಪ್ಪನಿಗೆ ಎದೆ ತುಂಬಿ ಬಂತು.

ಈ ಸಾಹಸವನ್ನು ಅವನು ಮದುವೆಯಾಗಲಿದ್ದ ಹುಡುಗಿಗೆ ಬಸ್ ನಿಲ್ದಾಣದಲ್ಲಿ ವರದಿ ಮಾಡಿದ. ಅವಳು ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಪರೀಕ್ಷೆಗೆ ರಕ್ತ ತೆಗೆಯುವವಳು. ದಿನಕ್ಕೆ ಎಂಬತ್ತು ತೋಳು ಹಿಡಿದು, ಏನೂ ಆಗಲ್ಲ ಎಂದು ಎಂಬತ್ತು ಸಲ ಹೇಳುವವಳು. ಹಾಗಾಗಿ ಎಂಥ ಮಾತನ್ನೂ ಅರಳದ, ಮುದುಡದ ಮುಖದಲ್ಲಿ ಕೇಳಬಲ್ಲಳು.

"ಸೂಜಿ ಚುಚ್ಚಿ ತೆಗಿಯೋದು ನಂಗೆ ಒಂದು ನಿಮಿಷದ ಕೆಲ್ಸ," ಅಂದಳು. "ಭಯಕ್ಕೆ ಕೆಲವರ ನರವೇ ಅಡಗ್ಬಿಡುತ್ತೆ. ಅದು ಮೇಲೆ ಬರೋವರೆಗೆ ಹತ್ತು ನಿಮಿಷ ಅವರ ಮನೆ ಕಥೆ ಕೇಳ್ತಾ ಕೂತಿರ್ತೀನಿ. ನಿನ್ನ ಹಾಳೆ ಪ್ರಕಾರ ನಂಗೆ ಒಂದು ನಿಮಿಷದ ಸಂಬಳ, ಅಲ್ವಾ?"

ಸೆಕೆಂಡಪ್ಪ ಈ ಪ್ರಶ್ನೆಯನ್ನು ಗಂಭೀರವಾಗಿಯೇ ತೆಗೆದುಕೊಂಡು, ನಿಂದು ಬೇರೆ ವರ್ಗಕ್ಕೆ ಸೇರುತ್ತೆ ಎಂದು ಉತ್ತರ ಕೊಟ್ಟ. ಅವಳು ಬಸ್ಸು ಬರುವ ದಿಕ್ಕಿಗೆ ತಿರುಗಿ ನಿಂತಳು. ಬಸ್ಸು ಇನ್ನೂ ಬರುವುದರಲ್ಲಿರಲಿಲ್ಲ.

ಮೂರು ಗಂಟೆಯನ್ನು ಅವನು ಹಿಂಡಿ ಹಿಂಡಿ ಹಂಚಿದ. ರಿಜಿಸ್ಟರ್ ಪುಸ್ತಕಕ್ಕೆ ಸಹಿ, ನಾಲ್ಕು ನಿಮಿಷ. ಹುಡುಗಿಯ ಕಡೆಯವರು, ತಲೆಗೆ ಎರಡು ಸೆಕೆಂಡಿನಂತೆ ಗುಂಪು ಗುಂಪಾಗಿ. ಚಿಕ್ಕಪ್ಪನ ಸಂಸಾರ, ಐವತ್ತು ಸೆಕೆಂಡು. ಚಿಕ್ಕಮ್ಮ ಮಾತಾಡುವವಳಾದ್ದರಿಂದ ಹತ್ತು ಹೆಚ್ಚು. ಹನ್ನೆರಡು ಹತ್ತಕ್ಕೆ ಒಂದು ಸಾಲು: "ಅಪ್ಪ ಅಮ್ಮ, ನಗು: 45 ಸೆಕೆಂಡು". ಮಾಮೂಲಿ ಜೋಡಿಗೆ ಇಪ್ಪತ್ತು ಕೊಟ್ಟವನು ಇಲ್ಲಿ ನಲವತ್ತೈದು ಕೊಟ್ಟಿದ್ದ. ಅಮ್ಮನಿಗೆ ಆ ಸಾಲು ತೋರಿಸಿದಾಗ, ಇಷ್ಟೊಂದು ಕೈ ಬಿಚ್ಚಿದ್ದೀನಿ ನೋಡು ಎಂಬ ಧ್ವನಿಯೇ ಇತ್ತು. ಅಮ್ಮ ಬೆರಳಿಟ್ಟು ಎರಡು ಸಲ ಓದಿ, "ಸಾಲುತ್ತಾ?" ಅಂದಳು. ಧಾರಾಳವಾಗಿ ಅಂದ ಮಗ. ಮಗ ಓದಿದವನು, ಅಳೆಯುವವನು. ಅಮ್ಮ ನಂಬಿದಳು. ಅಂಗಡಿಗೆ ಹೋಗಿ ಒಂದು ಫೋಟೋ ಚೌಕಟ್ಟನ್ನೂ ಕೊಂಡು ತಂದು, ನಡುಮನೆಯ ಗೋಡೆಗೆ ಮೊಳೆ ಹೊಡೆಸಿ, ಖಾಲಿಯದನ್ನೇ ತೂಗುಹಾಕಿದಳು.

ಅಪ್ಪನಿಗೆ ಯಾರೂ ಹೇಳಲಿಲ್ಲ. ಹೇಳಿದರೆ ಮುಂಚಿತವಾಗಿಯೇ ಬಿಗಿದುಕೊಳ್ಳುತ್ತಾನೆ ಎಂದು ಅಮ್ಮನ ಅನುಭವ. ಮೊಳೆ ಹೊಡೆದುಕೊಟ್ಟವನೂ ಅವನೇ. ಖಾಲಿ ಚೌಕಟ್ಟು ನೋಡಿ, ಇದರಲ್ಲಿ ಯಾರು ಎಂದು ಕೇಳಿದ್ದ. ಬರ್ತಾರೆ ಇರಿ ಅಂದಿದ್ದಳು ಅಮ್ಮ.

ಮದುವೆಯ ದಿನ ಹತ್ತು ಗಂಟೆಗೆ ಸಹಿಯಾಯಿತು. ಅಲ್ಲಿಂದ ಮುಂದೆ ಸಭಾಭವನದಲ್ಲಿ ನಡೆದದ್ದನ್ನು ಬಂದವರು ಎಷ್ಟೋ ದಿನ ಆಡಿಕೊಂಡರು. ಮದುಮಗ ವೇದಿಕೆಯ ಮೇಲೆ ಬಲಗೈಯಲ್ಲಿ ಎಲ್ಲರ ಕೈ ಕುಲುಕುತ್ತಿದ್ದ, ಎಡಗೈ ಮಾತ್ರ ಪ್ಯಾಂಟಿನ ಜೇಬಿನಿಂದ ಹೊರಗೆ ಬರಲೇ ಇಲ್ಲ. ಕೈಗೆ ಏನಾಗಿದೆ ಎಂದು ಹುಡುಗಿಯ ಸೋದರತ್ತೆ ವಿಚಾರಿಸಿದರು. ಹುಟ್ಟಿದಾಗಿನಿಂದ ಹಾಗೇ ಎಂದು ಮದುಮಗಳು ಹೇಳಿಬಿಟ್ಟಳು. ಗುಂಪುಗಳು ಹತ್ತಿದವು, ಇಳಿದವು. ಚಿಕ್ಕಮ್ಮ ತನಗೆ ಕೊಟ್ಟ ಹತ್ತು ಸೆಕೆಂಡನ್ನೂ ಮಾತಾಡಿ ಮುಗಿಸಿ ಸರಿಯಾಗಿ ಇಳಿದಳು. ಫೋಟೋಗ್ರಾಫರ್ ಒಂದು ಮಾತಿಲ್ಲದೆ, ಹಾಳೆಯಲ್ಲಿ ಬರೆದ ಹಾಗೆ, ಒಂದಾದ ಮೇಲೊಂದು ತೆಗೆದಳು. ಎಲ್ಲೂ ನಿಲ್ಲಲಿಲ್ಲ, ಯಾರ ಲೇಸನ್ನೂ ಕಟ್ಟಲಿಲ್ಲ. ಇಂಥ ಕೆಲಸಗಾರ್ತಿ ತನ್ನ ಫ್ಯಾಕ್ಟರಿಯಲ್ಲಿ ಇರಬೇಕಿತ್ತು ಎಂದು ಸೆಕೆಂಡಪ್ಪ ಮನಸ್ಸಿನಲ್ಲೇ ಶಹಬ್ಬಾಸ್ ಕೊಟ್ಟ.

ಹನ್ನೆರಡು ಹತ್ತಕ್ಕೆ ಅಪ್ಪ ಅಮ್ಮ ಹತ್ತಿದರು. ಸೆಕೆಂಡಪ್ಪ ಜೇಬಿನೊಳಗೆ ಗುಂಡಿ ಒತ್ತಿದ.

ಫೋಟೋಗ್ರಾಫರ್ ಕ್ಯಾಮೆರಾ ಎತ್ತಿದಳು. ಅಪ್ಪನ ಮುಖದಲ್ಲಿದ್ದ ಬೆಳಕು ಯಾರೋ ಸ್ವಿಚ್ ಒತ್ತಿದ ಹಾಗೆ ಆರಿತು. ಅಮ್ಮ ಪಕ್ಕೆಗೆ ತಿವಿದಳು. "ನಗ್ರೀ," ಅಂದಳು, ತುಟಿ ಅಲ್ಲಾಡಿಸದೆ. ಅಪ್ಪ ಪ್ರಯತ್ನಪಟ್ಟ, ತುಟಿಯ ಎರಡು ತುದಿ ಅಳತೆಗೆ ಸರಿಯಾಗಿ ಎಳೆದುಕೊಂಡವು, ಹಲ್ಲು ನೋವಿನವನ ಹಾಗೆ. ಮೊದಲೇ ಗೊತ್ತುಮಾಡಿದ್ದ ಪ್ರಕಾರ ಕೆಳಗಿನಿಂದ ಚಿಕ್ಕಪ್ಪ ಒಂದು ತಮಾಷೆ ಹೇಳಿದ. ಸಭೆಯೆಲ್ಲ ನಕ್ಕಿತು. ಅಪ್ಪ ಒಬ್ಬನನ್ನು ಬಿಟ್ಟು. ನಲವತ್ತೈದು ಸೆಕೆಂಡು ಮುಗಿಯಿತು. ಸೆಕೆಂಡಪ್ಪ ಹುಡುಗಿಯ ಗೆಳತಿಯರ ಲೆಕ್ಕದಿಂದ ಕಿತ್ತು ಇನ್ನೊಂದು ಮೂವತ್ತು ಕೊಟ್ಟ. ಅದೂ ಹೋಯಿತು.

ಆಗ ಅವನು ಅಪ್ಪನನ್ನು ಸರಿಯಾಗಿ ನೋಡಿದ. ಮಾಮೂಲಾಗಿ ನಾವು ಅಪ್ಪಂದಿರನ್ನು ನೋಡುವುದಿಲ್ಲ, ಅವರು ಇದ್ದೇ ಇರುತ್ತಾರೆ. ಅಪ್ಪನ ಎರಡೂ ಕೈ ಮುಂದಿದ್ದವು, ಬಟ್ಟೆಯೊಂದನ್ನು ಸೂಜಿಯ ಕೆಳಗೆ ಒತ್ತಿ ಹಿಡಿದ ಹಾಗೆ. ಕಣ್ಣು ಕ್ಯಾಮೆರಾದ ಮೇಲಲ್ಲ, ಅದಕ್ಕಿಂತ ಒಂದು ಗೇಣು ಕೆಳಗೆ. ಉಸಿರು ಒಂದೇ ಸಮ. ಈ ಮುಖ ಅವನಿಗೆ ಹೊಸದಾಗಿರಲಿಲ್ಲ. ದಿನಾ ಎಂಟು ಗಂಟೆ ಇದೇ ಮುಖದ ಮುಂದೆ ನಿಂತು ಸಂಬಳ ಎಣಿಸುತ್ತಿದ್ದ. ಅಳೆಯುವ ಸಾಮಾನು ಹಿಡಿದು ಎದುರಿಗೆ ಯಾರು ನಿಂತರೂ, ಏನನ್ನೂ ತೋರಿಸಬಾರದು ಎಂದು ಮುಚ್ಚಿಕೊಳ್ಳುವ ಮುಖ. ಇಪ್ಪತ್ತೆಂಟು ವರ್ಷದ ಅಭ್ಯಾಸವನ್ನು ಬಿಚ್ಚಲು ಅವನು ನಲವತ್ತೈದು ಸೆಕೆಂಡು ಬರೆದಿದ್ದ. ಹೆಚ್ಚೆಂದರೆ ಎಪ್ಪತ್ತೈದು.

ಇನ್ನೊಂದು ವಿಷಯವೂ ಹೊಳೆದು ಕಿವಿ ಬಿಸಿಯಾಯಿತು. ಅವನ ಕಸುಬಿನ ಮೊದಲ ಪಾಠವೇ ಅಲವೆನ್ಸ್. ಯಾವ ಕೆಲಸವನ್ನು ಅಳೆದರೂ ನೂಲು ತುಂಡಾಗುವುದಕ್ಕೆ, ನೀರು ಕುಡಿಯುವುದಕ್ಕೆ, ಸುಸ್ತಿಗೆ ಎಂದು ನೂರಕ್ಕೆ ಹದಿನೈದು ಪಾಲು ಸೇರಿಸಬೇಕು. ಮನುಷ್ಯರು ಮನುಷ್ಯರೇ ಎಂದು ಫ್ಯಾಕ್ಟರಿ ಕೂಡ ಒಪ್ಪಿ ಕೊಡುವ ಪಾಲು ಅದು. ಏಳುನೂರು ಜನ ಹೊರಗಿನವರಿಗೆ ತಪ್ಪದೆ ಹಾಕಿದ್ದ ಹದಿನೈದನ್ನು ಸ್ವಂತ ಮದುವೆಯ ಹಾಳೆಯಲ್ಲಿ ಯಾರಿಗೂ ಹಾಕಿರಲಿಲ್ಲ.

"ಹೋಗ್ಲಿ ಬಿಡು," ಎಂದು ಅಮ್ಮ ವೇದಿಕೆಯಿಂದ ಇಳಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಒಂದು ಗಂಟೆಗೆ ಸರಿಯಾಗಿ ಫೋಟೋಗ್ರಾಫರ್ ಕ್ಯಾಮೆರಾವನ್ನು ಚೀಲಕ್ಕೆ ಹಾಕಿ ಜಿಪ್ ಎಳೆದಳು. ಊಟ ಮಾಡಿಕೊಂಡು ಹೋಗಿ ಎಂದು ಮದುಮಗಳೇ ಕೈ ಹಿಡಿದು ಕರೆದಳು. ಅದು ತನ್ನ ಸ್ವಂತ ಹೊತ್ತು ತಾನೇ ಎಂದು ಫೋಟೋಗ್ರಾಫರ್ ಮದುಮಗನ ಕಡೆ ನೋಡಿ ಖಚಿತಪಡಿಸಿಕೊಂಡು, ಎರಡನೇ ಪಂಕ್ತಿಯಲ್ಲಿ, ಖಾಲಿ ಇದ್ದ ಕುರ್ಚಿಗೆ ಹೋಗಿ ಕೂತಳು. ಎದುರಿಗೆ ಅಪ್ಪ, ಅವನ ಪಕ್ಕದಲ್ಲಿ ಅಮ್ಮ. ಹೊಸ ಗಂಡಹೆಂಡತಿ ಪಕ್ಕದ ಮೇಜಿನಲ್ಲಿ, ಕಿವಿಗೆ ಬೀಳುವಷ್ಟು ಹತ್ತಿರ.

ಅಪ್ಪನ ಕಣ್ಣು ಅಭ್ಯಾಸದಂತೆ ಅವಳ ಕಾಲರಿಗೆ ಹೋಯಿತು, ಅಲ್ಲಿ ಲೋಪ ಸಿಗದೆ ಚೀಲಕ್ಕೆ ಇಳಿಯಿತು.

"ಏನಮ್ಮಾ, ಈ ಪಟ್ಟಿ ಹೊಲಿಗೆ ಯಾರು ಹಾಕಿದ್ದು? ಇನ್ನೊಂದು ತಿಂಗಳಿಗೆ ಕ್ಯಾಮೆರಾ ನೆಲದ ಮೇಲಿರುತ್ತೆ."

ಅವಳು ಚೀಲವನ್ನೇ ಮೇಜಿನ ಮೇಲಿಟ್ಟಳು. ಅಪ್ಪ ಪಟ್ಟಿಯನ್ನು ಹಿಂದೆ ಮುಂದೆ ಮಾಡಿ ನೋಡಿ, ಕೊಟ್ಟ ಹಣ ವಾಪಸು ಕೇಳು ಎಂದು ಸಲಹೆ ಕೊಟ್ಟ. ಅಲ್ಲಿಂದ ಮಾತು ಬಿಚ್ಚಿಕೊಂಡಿತು. ಕಾಲರಿನ ಮಾತು, ಎಡಗಡೆ ಮಾತ್ರ ಹೊಲಿಯಬಲ್ಲ ಒಬ್ಬ ಎಡಚನ ಮಾತು, ತಮ್ಮ ಕಾಲದ ಸ್ಟಾಪ್‌ವಾಚಿನವನ ಮಾತು. ಅವನು ಬಂದರೆ ಇಡೀ ಸಾಲು ಹೇಗೆ ಒಟ್ಟಿಗೆ ನಿಧಾನವಾಗುತ್ತಿತ್ತು, ಬೇಕೆಂದೇ ನೂಲು ಕಡಿಯುವುದು ಹೇಗೆ, ಅದೆಲ್ಲ ಮಾಡುವಾಗ ಮುಖದಲ್ಲಿ ಒಂದು ನೊಣ ಕೂತಷ್ಟೂ ವ್ಯತ್ಯಾಸ ಆಗದ ಹಾಗೆ ನೋಡಿಕೊಳ್ಳುವುದು ಹೇಗೆ, ಎಲ್ಲ ಮಾಡಿ ತೋರಿಸಿದ. ಮುಖ ಮುಚ್ಚಿ ತೋರಿಸುವಾಗ ಬಾಯಿ ಸುತ್ತ ನಗು ಬಂದು ಕೆಡಿಸುತ್ತಿತ್ತು. ಅಮ್ಮ ತುತ್ತು ಕೈಯಲ್ಲೇ ಹಿಡಿದು ಅವನನ್ನು ನೋಡುತ್ತಿದ್ದಳು. ಆಮೇಲೆ ಜಿಪ್ ಎಳೆದ ಚೀಲವನ್ನು ನೋಡಿದಳು. ಆಮೇಲೆ ಪಕ್ಕದ ಮೇಜಿನಲ್ಲಿದ್ದ ಮಗನನ್ನು.

ಸೆಕೆಂಡಪ್ಪ ಫೋಟೋಗ್ರಾಫರ್‌ಗೆ ಕಣ್ಣು ಸನ್ನೆ ಮಾಡಿದ. ಅವಳು ನೋಡದವಳಂತೆ ಉಂಡಳು. ಮತ್ತೆ ಮಾಡಿದ. ಅವಳು ಎಡಗೈಯಿಂದ ಚೀಲದ ಹೊರಜೇಬು ತೆರೆದು, ಒಂದು ಚೀಟಿ ಪುಸ್ತಕ ತೆಗೆದು ಮೇಜಿನ ಅಂಚಿಗೆ ಇಟ್ಟು, ಅದರ ಮೇಲೆ ಪೆನ್ನು ಇಟ್ಟಳು. ಹಾಗೆಯೇ ದೊಡ್ಡ ಜಿಪ್ಪನ್ನೂ ಎಳೆದು, ಕ್ಯಾಮೆರಾವನ್ನು ಮಡಿಲಿಗೆ ಇಳಿಸಿಕೊಂಡು, ಕೈ ಒರೆಸುವ ಬಟ್ಟೆ ಮುಚ್ಚಿದಳು. ಅಪ್ಪ ಆಗ ಎಡಚನ ಕಥೆಯ ಎರಡನೇ ಭಾಗದಲ್ಲಿದ್ದ, ಏನೂ ಕಾಣಲಿಲ್ಲ.

ಮದುಮಗಳು ಗಂಡನ ಬೆನ್ನಿಗೆ ಬೆರಳಿಂದ ಚುಚ್ಚಿದಳು. "ಏಳು. ಏನೂ ಆಗಲ್ಲ."

ಸೆಕೆಂಡಪ್ಪ ಎದ್ದು ಹೋಗಿ ಅಪ್ಪನ ಮೇಜಿನ ಮುಂದೆ ಬಗ್ಗಿ ಪೆನ್ನು ಹಿಡಿದ. ಗಂಟೆ ಎಂಬ ಜಾಗದ ಮುಂದೆ ಪೆನ್ನಿನ ಮೊನೆ ನಿಂತುಬಿಟ್ಟಿತು. ಅರ್ಧ ಎಂದು ಬರೆಯಲು ಬೆರಳು ತಾನಾಗಿ ಓಡಿತ್ತು, ಅಷ್ಟು ವರ್ಷದ ಚಾಳಿ. ಅಲ್ಲೇ ತಡೆದ. ಒಂದು ಗಂಟೆಯೋ, ಎರಡೋ, ಸಾಯಂಕಾಲವೋ, ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಬರೆಯುವ ಕ್ರಮವೂ ಅವನಿಗೆ ಗೊತ್ತಿರಲಿಲ್ಲ. ಕೊನೆಗೆ ಅಂಕಿಯ ಜಾಗದಲ್ಲಿ "ಅಪ್ಪ ನಗುವವರೆಗೆ" ಎಂದು ಬರೆದು ಸಹಿ ಹಾಕಿದ.

ಮೇಜಿನ ಆಚೆಯಿಂದ ಅಪ್ಪ, ಇದೇನಿದು ಎಂದು ಚೀಟಿಯನ್ನು ತನ್ನ ಕಡೆ ತಿರುಗಿಸಿಕೊಂಡ. ಮೇಲೆ ಓವರ್‌ಟೈಮ್ ಎಂದಿತ್ತು. ಓದಿದ. ಸಹಿ ನೋಡಿದ. ಮಗನ ಮುಖ ನೋಡಿದ. ಮತ್ತೆ ಸಹಿ ನೋಡಿದ.

"ಲೇ ಇವಳೇ," ಎಂದು ಅಮ್ಮನ ಕಡೆ ತಿರುಗಿದ, "ನಮ್ಮ ರಸ್ತೇಲಿ ಅರ್ಧ ಗಂಟೆಗೆ ಹೆಂಗಸರನ್ನ ಅಳಿಸೋನು, ಗಂಟೇನೇ ಹಾಕ್ದೆ ಓವರ್‌ಟೈಮ್ ಕೊಟ್ಟಿದಾನೆ ಕಣೇ..."

ಮಾತು ಮುಗಿಯಲಿಲ್ಲ. ಹೊಟ್ಟೆಯಿಂದ ಹೊರಟದ್ದು ಹೆಗಲಿಗೆ ಬಂದು, ಹೆಗಲಿನಿಂದ ಬಾಯಿಗೆ ಬಂದು, ಮೂರು ಮನೆಯಾಚೆ ಕೇಳುವ ಆ ನಗು ಸಭಾಭವನದ ಆ ಕಡೆಯ ಗೋಡೆಗೆ ಬಡಿಯಿತು. ಫೋಟೋಗ್ರಾಫರ್ ಬಟ್ಟೆ ಸರಿಸಿ ಕ್ಯಾಮೆರಾ ಎತ್ತಿದಳು. ಅಪ್ಪನಿಗೆ ಅದು ಕಂಡಿತು. ನಿಲ್ಲಿಸಲು ನೋಡಿದ, ತುಟಿ ಬಿಗಿಹಿಡಿದ. ಕಣ್ಣು ಮತ್ತೆ ಚೀಟಿಯ ಮೇಲೆ ಬಿತ್ತು. ಕಟ್ಟೆ ಇನ್ನೊಮ್ಮೆ ಒಡೆಯಿತು.

ಎಷ್ಟು ಹೊತ್ತು ನಕ್ಕನೋ ಯಾರೂ ಅಳೆಯಲಿಲ್ಲ. ಸೆಕೆಂಡಪ್ಪನಿಗೆ ನೆನಪಾಗಿ ಜೇಬಿನಿಂದ ಸ್ಟಾಪ್‌ವಾಚ್ ತೆಗೆದಾಗ ಅದು ಇನ್ನೂ ಓಡುತ್ತಲೇ ಇತ್ತು. ಹನ್ನೆರಡು ಹತ್ತಕ್ಕೆ ವೇದಿಕೆಯ ಮೇಲೆ ಒತ್ತಿದ್ದನ್ನು ನಿಲ್ಲಿಸಲು ಮರೆತಿದ್ದ. ಎರಡು ಗಂಟೆ, ಮೂರು ನಿಮಿಷ, ಚಿಲ್ಲರೆ.

ಹೆಂಡತಿ ಅವನ ಹೆಗಲ ಮೇಲಿಂದ ಇಣುಕಿ ನೋಡಿ, "ಬರ್ಕೋ," ಅಂದಳು. "ಸರಿಯಾದ ಲೆಕ್ಕ ಇದೇ."

ಓವರ್‌ಟೈಮಿಗೆ ಫೋಟೋಗ್ರಾಫರ್ ಒಂದು ಗಂಟೆಯ ಹಣ ಹಾಕಿದಳು. ನಿಜವಾಗಿ ಹಿಡಿದದ್ದು ಆರು ನಿಮಿಷ ಎಂದು ಹಳೆಯ ಸೆಕೆಂಡಪ್ಪ ವಾದಿಸುತ್ತಿದ್ದ. ಹೊಸಬ ವಾದಿಸಬೇಕೆಂದು ಬಾಯಿ ತೆರೆದ, ಮತ್ತೆ ಮುಚ್ಚಿದ. ಆ ಹಣಕ್ಕೆ ಹಾಳೆಯಲ್ಲಿ ಕೋಟಿನ ಬಾಬ್ತು ಹೊಡೆದು ಹಾಕಿ, ಹಿಡಿಸಿದರೆ ಕೊಳ್ಳುತ್ತೇನೆ ಎಂದು ಉಗ್ರಾಣದ ಗುಮಾಸ್ತನಿಂದ ತಂದು ಮದುವೆಗೆ ಹಾಕಿಕೊಂಡಿದ್ದ ಕೋಟನ್ನು ಕೊಳ್ಳದೆಯೇ ಹಿಂದಿರುಗಿಸಿದ. ಅವನ ಮದುವೆಯಲ್ಲಿ ಮರೆತಿದ್ದ ಕೈಕುಲುಕನ್ನೂ ಜೊತೆಗೇ ಕೊಟ್ಟ.

ಈಗ ನಡುಮನೆಯ ಚೌಕಟ್ಟಿನಲ್ಲಿ ಆ ಫೋಟೋ ಇದೆ. ಅಪ್ಪ ಬಾಯಿ ತೆರೆದು, ಕಣ್ಣು ಮುಚ್ಚಿ, ಹಿಂದಕ್ಕೆ ವಾಲಿದ್ದಾನೆ. ಅಮ್ಮ ಕ್ಯಾಮೆರಾವನ್ನು ನೋಡುತ್ತಿಲ್ಲ, ಅವನನ್ನು ನೋಡುತ್ತಿದ್ದಾಳೆ. ಕೈಯಲ್ಲಿ ತುತ್ತು ಹಾಗೇ ಇದೆ. ಮುಂದೆ, ಮೂಲೆಯಲ್ಲಿ, ಪೆನ್ನು ಹಿಡಿದು ಬಗ್ಗಿದವನೊಬ್ಬ, ಸಾಲದ ಪತ್ರಕ್ಕೆ ಸಹಿ ಹಾಕುವವನ ಮುಖ ಮಾಡಿಕೊಂಡಿದ್ದಾನೆ. ಮನೆಗೆ ಬಂದವರು, ಇವನ್ಯಾರು, ಊಟದ ಗುತ್ತಿಗೆಯವನಾ ಎಂದು ಕೇಳುತ್ತಾರೆ. ಅಮ್ಮ ಹೌದು ಅಂದುಬಿಡುತ್ತಾಳೆ.

ಅಪ್ಪನಿಗೆ ಫೋಟೋಗಿಂತ ಚೀಟಿಯ ಮೇಲೆ ಪ್ರೀತಿ. ಅದರ ನಕಲು ಕೇಳಿ ತರಿಸಿಕೊಂಡು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದಾನೆ. ಸಂಜೆ ಹಳೆಯ ಸಾಲಿನ ಜೊತೆಗಾರರು ಸಿಕ್ಕಿದಾಗ ಮೆಲ್ಲಗೆ ಬಿಡಿಸಿ ತೋರಿಸುತ್ತಾನೆ. ಅವರು ಸಹಿಯ ಮೇಲೆ ಬೆರಳಿಟ್ಟು ನೋಡಿ, ಇದು ಅಸಲಿಯೇ ಎಂದು ವಿಚಾರಿಸುತ್ತಾರೆ.

ಮದುವೆ ರಜೆ ಮುಗಿಸಿ ಸೆಕೆಂಡಪ್ಪ ಫ್ಯಾಕ್ಟರಿಗೆ ಹೋದ ದಿನ ಆ ಸುದ್ದಿ ನಾಲ್ಕು ಗೇಟು ದಾಟಿ ಅವನಿಗಿಂತ ಮುಂಚೆ ಅಲ್ಲಿ ಬಂದು ಕೂತಿತ್ತು. ಕಾಲರ್ ಸಾಲಿನ ಮುಖ್ಯಸ್ಥೆ ಅವನ ಮುಂದೆ ಓವರ್‌ಟೈಮ್ ಚೀಟಿ ಇಟ್ಟಳು. ಗಂಟೆಯ ಜಾಗ ಖಾಲಿ ಬಿಟ್ಟಿದ್ದಳು. ಹಿಂದೆ ನಲವತ್ತು ಯಂತ್ರಗಳು ನಿಂತಿದ್ದವು, ಮುಖಗಳೆಲ್ಲ ಎಂದಿನಂತೆ ಮುಚ್ಚಿದ್ದವು.

ಬಾಗಿಲ ಹತ್ತಿರದ ಒಂದು ಮುಖ ಮಾತ್ರ ನಗು ತಡೆದುಕೊಳ್ಳಲಾರದೆ, ನೂಲಿನ ಬಾಬಿನ್ ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಹೋಯಿತು.